ಪಿಪಿಎಫ್‌ಗೆ ಒಂದು, ರ‍್ಯಾಪ್‌ಗೆ ಒಂದು: ಯಾವ ಪಾಲಿಶ್ ಎಲ್ಲಿಗೆ?

ಕಾರು ತೊಳೆಸಲು ಹೋದರೆ ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಪಾಲಿಶ್ ಹೊಡೀಲಾ ಸಾರ್?" ಬರೀ ಪೇಂಟ್ ಇರುವ ಕಾರಾದರೆ ಹೂಂ ಅಂದರೂ ದೊಡ್ಡ ನಷ್ಟವೇನಿಲ್ಲ. ಮೇಲೆ ಪೇಂಟ್ ಕಾಯುವ ಪಾರದರ್ಶಕ ಪಿಪಿಎಫ್ ಫಿಲ್ಮ್ ಅಥವಾ ಬಣ್ಣಕ್ಕಾಗಿ ಅಂಟಿಸುವ ವಿನೈಲ್ ರ‍್ಯಾಪ್ ಇದ್ದರೆ ಮಾತ್ರ ಹೂಂ ಅನ್ನುವ ಮೊದಲು ತಿರುಗಿ ಕೇಳಬೇಕು: ಯಾವ ಪಾಲಿಶ್?

ಯಾಕೆಂದರೆ ನಮ್ಮಲ್ಲಿ ಉಜ್ಜುವುದೂ ಪಾಲಿಶೇ, ಹಚ್ಚುವುದೂ ಪಾಲಿಶೇ. ಉಜ್ಜುವ ಪಾಲಿಶ್‌ನಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ ಇರುತ್ತದೆ. ಅದು ಮೇಲ್ಪದರವನ್ನು ಸ್ವಲ್ಪ ಸವೆಸಿ ಗೀರು ಮಾಯ ಮಾಡುತ್ತದೆ. ಹಚ್ಚುವ ಪಾಲಿಶ್ ಅಂದರೆ ವ್ಯಾಕ್ಸ್, ಸೀಲೆಂಟ್, ಕೋಟಿಂಗ್. ಅದು ಏನನ್ನೂ ಸವೆಸುವುದಿಲ್ಲ, ಮೇಲೊಂದು ತೆಳು ಹೊದಿಕೆ ಹಾಕುತ್ತದೆ. ಒಂದು ಕೂಡುವ ಕೆಲಸ, ಇನ್ನೊಂದು ಕಳೆಯುವ ಕೆಲಸ. ಫಿಲ್ಮ್ ಹಾಕಿದ ಗಾಡಿಗೆ ಬೇಕಾಗುವುದು ಹೆಚ್ಚುಕಡಿಮೆ ಯಾವಾಗಲೂ ಕೂಡುವ ಕೆಲಸವೇ.

ನನ್ನ ತಮ್ಮನ ಬೈಕ್ ಟ್ಯಾಂಕಿಗೆ ಹೊಳಪಿಲ್ಲದ ಮ್ಯಾಟ್ ಕಪ್ಪು ರ‍್ಯಾಪ್ ಹಾಕಿಸಿದ್ದೆವು. ತೊಳೆಯಲು ಕೊಟ್ಟ ಕಡೆ ಹುಡುಗ ಪ್ರೀತಿಯಿಂದಲೇ ವ್ಯಾಕ್ಸ್ ತಿಕ್ಕಿಬಿಟ್ಟಿದ್ದ. ಟ್ಯಾಂಕಿನ ಎರಡೂ ಕಡೆ, ಮೊಣಕಾಲು ತಾಗುವ ಜಾಗದಲ್ಲಿ, ಎಣ್ಣೆ ಒರೆಸಿದ ಹಾಗೆ ಹೊಳಪಿನ ತೇಪೆಗಳು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೂರು ಸಲ ಒರೆಸಿದೆವು. ಮುಕ್ಕಾಲು ಪಾಲು ಹೋಯಿತು. ಕಾಲು ಪಾಲು ಉಳಿದೇಬಿಟ್ಟಿತು. ಅವನ ಮುಖ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಫಿಲ್ಮ್ ಪೇಂಟ್ ಅಲ್ಲ

ಪಿಪಿಎಫ್ ಅಂದರೆ ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್. ಒಳ್ಳೆಯದಾದರೆ ಅದು ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್‌ನಿಂದ ಮಾಡಿರುತ್ತದೆ, ಅಂಗಡಿಯವರು ಟಿಪಿಯು ಅನ್ನುತ್ತಾರೆ. ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಇಷ್ಟು ದಪ್ಪ ಇದೆಯಲ್ಲ, ಸ್ವಲ್ಪ ಉಜ್ಜಿದರೆ ಏನಾಗುತ್ತದೆ ಅಂತ ಅನ್ನಿಸಬಹುದು. ಆದರೆ ಅದರ ಜೀವ ಇರುವುದು ಮೇಲಿನ ಟಾಪ್ ಕೋಟ್‌ನಲ್ಲಿ. ಬಿಸಿ ತಾಗಿದರೆ ಸಣ್ಣ ಗೀರು ತಾನೇ ಮುಚ್ಚಿಕೊಳ್ಳುವುದು, ನೀರು ಜಾರುವುದು, ಕಲೆ ಒಳಗೆ ಇಳಿಯದಿರುವುದು, ಇವೆಲ್ಲ ಆ ಪದರದ ಕೆಲಸ. ಅದರ ದಪ್ಪ ಕೆಲವೇ ಮೈಕ್ರಾನ್. ಉಜ್ಜುವ ಪಾಲಿಶ್ ಹಾಕಿ ಮಷೀನ್ ಓಡಿಸಿದರೆ ಮೊದಲು ಹೋಗುವುದು ಅದೇ. ಹೋದಮೇಲೆ ಮತ್ತೆ ಬರುವುದಿಲ್ಲ.

ವಿನೈಲ್ ರ‍್ಯಾಪ್ ಬೇರೆಯದೇ ಜಾತಿ. ಅದು ಪಿವಿಸಿ. ಅಂಟೂ ಸೇರಿ ದಪ್ಪ 100 ಮೈಕ್ರಾನ್ ಆಸುಪಾಸು. ಬಣ್ಣ ಫಿಲ್ಮ್‌ನಲ್ಲೇ ಇರುತ್ತದೆ. ಪಿವಿಸಿ ತಾನಾಗಿ ಗಡಸು ವಸ್ತು. ಅದು ಬಾಗಲಿ, ಬಂಪರ್‌ನ ತಿರುವಿಗೆ ಕೂರಲಿ ಅಂತ ಒಳಗೆ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆಯಂಥ ದ್ರವ ಈ ಮೆದುಕಾರಕವನ್ನು ಹೊರಗೆ ಎಳೆಯುತ್ತದೆ. ಒಂದೇ ಸಲಕ್ಕೆ ಏನೂ ಕಾಣುವುದಿಲ್ಲ. ತಿಂಗಳುಗಳು ಕಳೆದಂತೆ ಫಿಲ್ಮ್ ಒಣಗಿದ ಬಾಳೆಲೆ ಥರ ಗಡಸಾಗುತ್ತದೆ, ಅಂಚು ಸುರುಳಿ ಬರುತ್ತದೆ. ಡಾಂಬರು ಕಲೆಗೆ ಬಟ್ಟೆಯಲ್ಲಿ ಸೀಮೆಎಣ್ಣೆ ಅದ್ದಿ ಒರೆಸುವುದು ನಮ್ಮಲ್ಲಿ ಹಳೇ ರೂಢಿ. ಪೇಂಟ್ ಮೇಲೆ ಅದು ನಡೆಯುತ್ತಿತ್ತು. ರ‍್ಯಾಪ್ ಮೇಲೆ ಬೇಡವೇ ಬೇಡ.

ಇನ್ನೊಂದು ವಿಷಯ. ಗೀರಿಗೆ ಟೂತ್‌ಪೇಸ್ಟ್ ತಿಕ್ಕಿ ಅನ್ನುವ ಸಲಹೆ ಸುತ್ತುತ್ತಲೇ ಇರುತ್ತದೆ. ಟೂತ್‌ಪೇಸ್ಟ್ ಕೂಡ ಉಜ್ಜುವ ಪುಡಿಯೇ. ಅದನ್ನು ಹಲ್ಲಿಗೇ ಬಿಡಿ.

ಪಾಲಿಶ್ ಬೇಕಾ ಅಂತ ಮೊದಲು ನೋಡಿ

ನಾನು ಕಂಡಂತೆ ಪಿಪಿಎಫ್ ಮೇಲಿನ ಮುಕ್ಕಾಲು ಗುರುತುಗಳಿಗೆ ಪಾಲಿಶ್ ಬೇಕೇ ಇರುವುದಿಲ್ಲ. ಬಟ್ಟೆಯಿಂದ ಒರೆಸಿ ಒರೆಸಿ ಬಂದ ಜೇಡರಬಲೆಯಂಥ ಸಣ್ಣ ಗೀರುಗಳಿದ್ದರೆ ಬಿಸಿಲಿನಲ್ಲಿ ಒಂದು ತಾಸು ನಿಲ್ಲಿಸಿ. ಮೋಡದ ದಿನವಾದರೆ ಸ್ನಾನಕ್ಕೆ ಕಾಯಿಸುವುದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ, ಅಂದರೆ 60 ಡಿಗ್ರಿ ಸುತ್ತಮುತ್ತ ಇರುವ ನೀರನ್ನು ನಿಧಾನವಾಗಿ ಸುರಿಯಿರಿ. ಕುದಿಯುವ ನೀರು ಬೇಡ. ಟಾಪ್ ಕೋಟ್ ಚೆನ್ನಾಗಿದ್ದರೆ ಗೀರು ಕಣ್ಣೆದುರೇ ಕರಗುತ್ತದೆ. ಮೊದಲ ಸಲ ನೋಡಿದಾಗ ನಾನು ಮಗುವಿನ ಹಾಗೆ ಖುಷಿಪಟ್ಟಿದ್ದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಹೀಗೆ ಹೋಗುವುದಿಲ್ಲ. ಅದು ಪಾಲಿಶ್‌ಗೂ ಹೋಗುವುದಿಲ್ಲ. ಆ ಪ್ಯಾನಲ್‌ನ ಫಿಲ್ಮ್ ಬದಲಿಸುವುದೊಂದೇ ದಾರಿ. ವಿನೈಲ್‌ಗೆ ಈ ತಾನೇ ಮಾಯುವ ಗುಣ ಇಲ್ಲ, ನೆನಪಿರಲಿ.

ಬಿಳಿ ಬಿಳಿ ಉಂಗುರದ ಕಲೆ ಇದ್ದರೆ ಅದು ಬೋರ್‌ವೆಲ್ ನೀರಿನ ಗಡಸು. ಬೆಂಗಳೂರಿನಲ್ಲಿ ಇದು ಜಾಸ್ತಿ. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯಬಾರದು ಅಂತ ಆದೇಶಿಸಿ 5,000 ರೂಪಾಯಿ ದಂಡ ಇಟ್ಟಿತು. ಸರಿಯಾದ ಆದೇಶವೇ. ಕುಡಿಯುವ ನೀರು ಕಾರಿಗೆ ಯಾಕೆ? ಆದರೆ ಬೋರ್ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಸುಣ್ಣದ ಅಂಶ ಕೂರುತ್ತದೆ. ಹೊಳಪಿನ ಫಿಲ್ಮ್ ಮೇಲೆ ಇಂಥ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಒಂದು ನಿಮಿಷ ಇಟ್ಟು, ಚೆನ್ನಾಗಿ ತೊಳೆದುಬಿಡಿ. ಹೊಸದಾದರೆ ಹೋಗುತ್ತದೆ. ವಾರಗಟ್ಟಲೆ ಬಿಸಿಲಲ್ಲಿ ಬೆಂದ ಕಲೆ ಟಾಪ್ ಕೋಟ್‌ನಲ್ಲೇ ಗುಳಿ ಬೀಳಿಸಿರುತ್ತದೆ, ಆಗ ಕಷ್ಟ.

ಹಕ್ಕಿ ಹಿಕ್ಕೆ, ಮರದ ಅಂಟು, ಡಾಂಬರು, ಹುಳು: ಇವಕ್ಕೆ ಎರಡು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಪಾಲು ನೀರು. ವಿನೈಲ್ ತಯಾರಿಸುವ 3ಎಂ ಕೂಡ ಇದೇ ಅಳತೆ ಹೇಳುತ್ತದೆ. ಮೊದಲು ಬಿಸಿ ಸೋಪುನೀರಲ್ಲಿ ನೆನೆಸಿ ಮೆದು ಮಾಡಿಕೊಂಡರೆ ತಿಕ್ಕುವ ಕೆಲಸವೇ ಕಡಿಮೆ. ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸುವವರಿಗೆ ಈ ಬಾಟಲಿ ಡಿಕ್ಕಿಯಲ್ಲಿ ಇರಲೇಬೇಕು.

ಇನ್ನು ಹಳದಿ. ಫಿಲ್ಮ್ ಮೇಲೆ ಕೂತ ಕೊಳೆಯಿಂದ ಹಳದಿ ಕಂಡರೆ ಮೇಲಿನ ದ್ರವದಲ್ಲಿ ಒರೆಸಿದಾಗ ಬಟ್ಟೆಗೆ ಬರುತ್ತದೆ. ಬಟ್ಟೆ ಬೆಳ್ಳಗೇ ಇದ್ದು ಫಿಲ್ಮ್ ಮಾತ್ರ ಹಳದಿಯಾಗಿದ್ದರೆ ಅದು ಒಳಗಿನದು. ಫಿಲ್ಮ್ ಅಥವಾ ಅಂಟೇ ಬಿಸಿಲಿಗೆ ಕೆಟ್ಟಿದೆ. ಪಿಪಿಎಫ್ ಅಂತ ಹೇಳಿ ತೀರಾ ಅಗ್ಗಕ್ಕೆ ಹಾಕುವ ಪಿವಿಸಿ ಫಿಲ್ಮ್‌ಗಳಲ್ಲಿ ಇದು ಬೇಗ ಬರುತ್ತದೆ. ಯಾವ ಪಾಲಿಶೂ ಅದನ್ನು ಸರಿಮಾಡದು. ಮಾಡಿಕೊಡುತ್ತೇವೆ ಅಂದವರಿಗೆ ದುಡ್ಡು ಕೊಡಬೇಡಿ.

ಆಯ್ಕೆಗಳು ಯಾವುವು

ಕಾರ್ನೌಬಾ ವ್ಯಾಕ್ಸ್ ಎಲ್ಲರಿಗೂ ಗೊತ್ತಿರುವ ಹೆಸರು. ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ ಅದು. ಅದರ ಹೊಳಪಿಗೆ ಒಂದು ಬೆಚ್ಚನೆಯ ಗುಣ ಇದೆ, ಕಡು ಬಣ್ಣದ ಮೇಲೆ ತುಂಬಾ ಚಂದ. ಆದರೆ ಡಬ್ಬಿಯಲ್ಲಿರುವ ಗಟ್ಟಿ ವ್ಯಾಕ್ಸ್ ಬರೀ ಕಾರ್ನೌಬಾ ಅಲ್ಲ. ಹಚ್ಚಲು ಸುಲಭವಾಗಲಿ ಅಂತ ಪೆಟ್ರೋಲಿಯಂ ದ್ರಾವಕ ಬೆರೆಸಿರುವುದು ಸಾಮಾನ್ಯ. ಅದೇ ರ‍್ಯಾಪ್‌ಗೆ ಶತ್ರು. ಎರಡನೆಯ ತೊಂದರೆ, ಫಿಲ್ಮ್‌ನ ಅಂಚಿನಲ್ಲಿ ವ್ಯಾಕ್ಸ್ ಒಣಗಿ ಬಿಳಿ ಗೆರೆಯಾಗುತ್ತದೆ, ಅದರ ಮೇಲೆ ಧೂಳು ಕೂತು ಕಪ್ಪು ಗೆರೆಯಾಗುತ್ತದೆ. ಮೂರನೆಯದು ನಮ್ಮ ಬಿಸಿಲು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಕಪ್ಪು ಬಾನೆಟ್ ಮುಟ್ಟಿ ನೋಡಿದವರಿಗೆ ಗೊತ್ತು. ಅಲ್ಲಿ ವ್ಯಾಕ್ಸ್ ತಿಂಗಳು ನಿಂತರೆ ದೊಡ್ಡದು. ಹೊಳಪಿನ ಪಿಪಿಎಫ್ ಮೇಲೆ, ದ್ರಾವಕ ಇಲ್ಲದ ವ್ಯಾಕ್ಸ್ ಆದರೆ, ಹಚ್ಚಬಹುದು. ನಾನಂತೂ ಹಚ್ಚುವುದಿಲ್ಲ.

ಪಾಲಿಮರ್ ಸ್ಪ್ರೇ ಸೀಲೆಂಟ್ ನನ್ನ ಮೊದಲ ಆಯ್ಕೆ. ನೀರಿನಲ್ಲಿ ಕರಗಿಸಿರುತ್ತಾರೆ, ಸಿಂಪಡಿಸಿ ಒರೆಸಿದರೆ ಮುಗಿಯಿತು. ಅಂಚಿನಲ್ಲಿ ಗೆರೆ ಬಿಡುವುದು ಬಹಳ ಕಡಿಮೆ. ಎರಡು ಮೂರು ತಿಂಗಳು ನಿಲ್ಲುತ್ತದೆ. ತಪ್ಪು ಮಾಡಿದರೂ ಇನ್ನೊಮ್ಮೆ ಒರೆಸಿ ಸರಿಮಾಡಬಹುದು, ಹೊಸಬರಿಗೆ ಇದೇ ದೊಡ್ಡ ಧೈರ್ಯ. ಹೊಳಪಿನ ಪಿಪಿಎಫ್, ಹೊಳಪಿನ ರ‍್ಯಾಪ್ ಎರಡಕ್ಕೂ ಸರಿ.

ಸಿಲಿಕಾ ಸ್ಪ್ರೇ ಅದರ ಅಣ್ಣ ಇದ್ದ ಹಾಗೆ. ಅಂಗಡಿಯಲ್ಲಿ ಸೆರಾಮಿಕ್ ಸ್ಪ್ರೇ ಅಂತ ಬರೆದಿರುತ್ತದೆ. ನೀರು ಜಾರುವುದು ಇನ್ನೂ ಜಾಸ್ತಿ, ಬಾಳಿಕೆಯೂ ಸ್ವಲ್ಪ ಜಾಸ್ತಿ. ಒರೆಸುವುದು ತಡವಾದರೆ ಮಾತ್ರ ಮೋಡದಂಥ ಮಚ್ಚೆ ಉಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನೀರು ಮುತ್ತಿನ ಹಾಗೆ ನಿಲ್ಲುವುದು ನೋಡಲು ಚಂದ. ಆದರೆ ಗಡಸು ನೀರಿನ ಮುತ್ತು ಬಿಸಿಲಲ್ಲಿ ಒಣಗಿದರೆ ಒಂದೊಂದು ಮುತ್ತಿಗೂ ಒಂದೊಂದು ಸುಣ್ಣದ ಉಂಗುರ. ಬೋರ್ ನೀರು ಬಳಸುವವರು ಸಿಲಿಕಾ ಹಾಕಿದರೆ ತೊಳೆದ ಕೂಡಲೇ ಒರೆಸುವ ಶಿಸ್ತೂ ಬೇಕು. ಆ ಸಮಯ ಇಲ್ಲದಿದ್ದರೆ ಸಾದಾ ಪಾಲಿಮರ್ ಸಾಕು.

ಸೆರಾಮಿಕ್ ಕೋಟಿಂಗ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಫಿಲ್ಮ್‌ಗೇ ಸಾವಿರಗಟ್ಟಲೆ ಕೊಟ್ಟವರಿಗೆ ಅದರ ಮೇಲೆ ಇದನ್ನೂ ಹಾಕಿಸಿ ಅನ್ನುತ್ತಾರೆ. "9ಎಚ್ ಗಡಸು" ಅಂತ ಬೋರ್ಡ್ ಇರುತ್ತದೆ. ಆ 9ಎಚ್ ಪೆನ್ಸಿಲ್ ಪರೀಕ್ಷೆಯ ಅಳತೆ. ಗಡಸು ಪೆನ್ಸಿಲ್‌ನಿಂದ ಗೀಚಿದರೆ ಗೀರು ಬೀಳುತ್ತದಾ ಅಂತ ನೋಡುವುದು, ಅಷ್ಟೇ. ಕಲ್ಲು ಹೊಡೆದರೆ ತಡೆಯುವ ಗಡಸಲ್ಲ. ಅದೂ ಅಲ್ಲದೆ ಪಿಪಿಎಫ್‌ನ ಸ್ವಭಾವ ಬಾಗುವುದು, ಮಾಯುವುದು. ಅದರ ಮೇಲೆ ಗಾಜಿನಂಥ ಗಡಸು ಪದರ ಕೂರಿಸಿದರೆ ಮೆತ್ತನೆ ಹಾಸಿಗೆಯ ಮೇಲೆ ಹಪ್ಪಳ ಇಟ್ಟ ಹಾಗೆ. ಫಿಲ್ಮ್ ಬಾಗಿದಾಗ ಹಪ್ಪಳ ಬಿರುಕು ಬಿಡಬಹುದು, ಗೀರು ಮಾಯುವುದೂ ನಿಧಾನವಾಗಬಹುದು. ಹಾಕಿಸಲೇಬೇಕೆಂದರೆ ಫಿಲ್ಮ್‌ಗಾಗಿಯೇ ಮಾಡಿದ, ಬಾಗುವ ಕೋಟಿಂಗ್ ಕೇಳಿ. ಗಿಯಾನ್ ಕಂಪನಿಯ ಕ್ಯೂ2 ಪಿಪಿಎಫ್ ಅಂಥದ್ದು. ಇವು ವರ್ಷದ ಲೆಕ್ಕದಲ್ಲಿ ನಿಲ್ಲುತ್ತವೆ. ಆದರೆ ಹೊಸ ಪಿಪಿಎಫ್‌ಗೆ ಕಾರ್ಖಾನೆಯಲ್ಲೇ ನೀರು ಜಾರಿಸುವ ಟಾಪ್ ಕೋಟ್ ಬಂದಿದ್ದರೆ ಮೊದಲ ವರ್ಷ ಏನೂ ಬೇಡ ಅನ್ನುವುದು ನನ್ನ ನಿಲುವು. ಆ ದುಡ್ಡು ಉಳಿಸಿ. ಇನ್ನೊಂದು, ವಾರಂಟಿ ಕಾಗದ ಓದಿ. ಯಾವುದನ್ನು ಹಚ್ಚಬಾರದು ಅಂತ ಅದರಲ್ಲೇ ಬರೆದಿರುತ್ತಾರೆ.

ಡ್ಯಾಶ್‌ಬೋರ್ಡ್ ಪಾಲಿಶ್ ಕೂಡ ಕೆಲವರು ರ‍್ಯಾಪ್ ಮೇಲೆ ಬಳಿಯುತ್ತಾರೆ. ಸಿಲಿಕೋನ್ ಎಣ್ಣೆ ಅದು. ಒಂದು ದಿನ ಮಿಂಚುತ್ತದೆ, ಎರಡನೇ ದಿನ ಊರಿನ ಧೂಳೆಲ್ಲ ಅಂಟುತ್ತದೆ. ಬೇಡ.

ಉಜ್ಜುವ ಪಾಲಿಶ್‌ಗೆ ಒಂದೇ ಒಂದು ಜಾಗ ಇದೆ. ಹಳೆಯ, ಹೊಳಪಿನ ಪಿಪಿಎಫ್ ತೀರಾ ಮಂಕಾಗಿದ್ದು, ಬಿಸಿ ನೀರಿಗೂ ಸೋಪಿಗೂ ಬಗ್ಗದಿದ್ದರೆ, ಕೈ ಪಳಗಿದವರು ಅತಿ ನುಣ್ಣನೆಯ ಫಿನಿಶಿಂಗ್ ಪಾಲಿಶ್, ಮೆತ್ತನೆ ಫೋಮ್ ಪ್ಯಾಡ್, ತಿರುಗುತ್ತಲೇ ಅತ್ತಿತ್ತ ಆಡುವ ಡ್ಯುಯಲ್ ಆ್ಯಕ್ಷನ್ ಮಷೀನನ್ನು ಕಡಿಮೆ ವೇಗದಲ್ಲಿ ಬಳಸಿ ಒಂದು ಕೈ ನೋಡಬಹುದು. ಟಾಪ್ ಕೋಟ್‌ನ ಆಯುಷ್ಯದಲ್ಲಿ ಒಂದಷ್ಟು ಕಳೆದುಕೊಂಡೇ ಹೊಳಪು ಪಡೆಯುವ ಕೊನೇ ಉಪಾಯ ಇದು. ಒಂದೇ ಕಡೆ ಗಿರ್ರನೆ ತಿರುಗುವ ರೋಟರಿ ಮಷೀನ್ ಫಿಲ್ಮ್ ಹತ್ತಿರವೂ ಬರಬಾರದು. ಅದರ ಶಾಖಕ್ಕೆ ಅಂಚು ಎದ್ದುಬರುತ್ತದೆ. ವಿನೈಲ್ ರ‍್ಯಾಪ್‌ಗೆ ಈ ಕೊನೇ ಉಪಾಯವೂ ಇಲ್ಲ.

ಮ್ಯಾಟ್, ಸ್ಯಾಟಿನ್, ಕಾರ್ಬನ್, ಕ್ರೋಮ್

ಮ್ಯಾಟ್ ಯಾಕೆ ಮ್ಯಾಟ್ ಆಗಿ ಕಾಣುತ್ತದೆ? ಅದರ ಮೈ ಮೇಲೆ ಲಕ್ಷಾಂತರ ಸಣ್ಣ ಏರುತಗ್ಗುಗಳಿವೆ. ಬೆಳಕು ಬಿದ್ದಾಗ ನೇರ ತಿರುಗದೆ ಚದುರುತ್ತದೆ. ವ್ಯಾಕ್ಸ್ ಆ ತಗ್ಗುಗಳನ್ನು ತುಂಬುತ್ತದೆ. ಉಜ್ಜುವ ಪಾಲಿಶ್ ಆ ಏರುಗಳನ್ನು ಕತ್ತರಿಸುತ್ತದೆ. ಎರಡರಿಂದಲೂ ಹೊಳಪಿನ ತೇಪೆ ಬರುತ್ತದೆ. ತುಂಬಿದ್ದನ್ನು ಕಷ್ಟಪಟ್ಟು ತೆಗೆಯಬಹುದು, ಕತ್ತರಿಸಿದ್ದನ್ನು ಆಗುವುದಿಲ್ಲ. ತಮ್ಮನ ಟ್ಯಾಂಕಿನಲ್ಲಿ ಕಾಲು ಪಾಲು ಉಳಿದದ್ದು ಬಹುಶಃ ಇದಕ್ಕೇ, ಹುಡುಗ ಒತ್ತಿ ತಿಕ್ಕಿದ್ದ.

ಆದ್ದರಿಂದ ಮ್ಯಾಟ್‌ಗೆ "ಮ್ಯಾಟ್‌ಗಾಗಿ" ಅಂತಲೇ ಬರೆದಿರುವ ಸೀಲೆಂಟ್ ಮಾತ್ರ. ಅದು ಹೊಳಪು ಏರಿಸದೆ ನೀರು, ಕಲೆ ತಡೆಯುತ್ತದೆ. ಹೊಳಪಿಗಿಂತ ಮ್ಯಾಟ್‌ಗೇ ಈ ರಕ್ಷಣೆ ಜಾಸ್ತಿ ಬೇಕು, ಯಾಕೆಂದರೆ ಕೊಳೆ ಕೂರಲು ಆ ತಗ್ಗುಗಳೇ ಜಾಗ. ಶಾಂಪೂವಿನಲ್ಲೂ ವ್ಯಾಕ್ಸ್ ಬೆರೆಸಿದ "ವಾಶ್ ಆಂಡ್ ವ್ಯಾಕ್ಸ್" ತರದ್ದು ಬೇಡ. ಇದನ್ನು ತುಂಬಾ ಜನ ಮರೆಯುತ್ತಾರೆ. ಅರೆಹೊಳಪಿನ ಸ್ಯಾಟಿನ್‌ಗೂ ಇದೇ ನಿಯಮ. ಕಾರ್ಬನ್ ಫೈಬರ್ ನೇಯ್ಗೆಯ ಫಿಲ್ಮ್‌ಗೆ ಸ್ಪ್ರೇ ಸೀಲೆಂಟ್ ಮಾತ್ರ ಸರಿ, ಗಟ್ಟಿ ವ್ಯಾಕ್ಸ್ ನೇಯ್ಗೆಯ ಸಂದಿಯಲ್ಲಿ ಕೂತು ಬೆಳ್ಳಗಾಗುತ್ತದೆ. ಕ್ರೋಮ್ ರ‍್ಯಾಪ್ ಎಲ್ಲಕ್ಕಿಂತ ನಾಜೂಕು. ಸೌಮ್ಯ ಸೋಪು, ಮೆತ್ತನೆ ಬಟ್ಟೆ, ಅಷ್ಟಕ್ಕೇ ನಿಲ್ಲಿಸಿ.

ಹಚ್ಚುವ ದಿನ

ಹೊಸ ಫಿಲ್ಮ್ ಹಾಕಿಸಿ ಒಂದು ವಾರವಾದರೂ ಆಗಿರಲಿ. ಅಂಟು ಕೂರಬೇಕು, ಒಳಗಿನ ನೀರಿನ ತೇವ ಆರಬೇಕು. ಹಾಕಿದವರು ಇನ್ನೂ ಹೆಚ್ಚು ದಿನ ಹೇಳಿದ್ದರೆ ಅವರ ಮಾತೇ ಸರಿ.

ಬೆಳಿಗ್ಗೆ ಬೇಗ, ನೆರಳಲ್ಲಿ ಶುರುಮಾಡಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಪಿಎಚ್ 7ರ ಹತ್ತಿರದ ಶಾಂಪೂ, ಎರಡು ಬಕೆಟ್. ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಪ್ರೆಶರ್ ವಾಶರ್ ಇದ್ದರೆ ಕೊಳವೆ ಕನಿಷ್ಠ ಒಂದು ಅಡಿ ದೂರ ಇರಲಿ, ಒತ್ತಡ 2,000 ಪಿಎಸ್‌ಐ ಮೀರದಿರಲಿ. ಧಾರೆ 40 ಡಿಗ್ರಿ ಅಗಲಕ್ಕೆ ಹರಡುವ ಮೂತಿ ಹಾಕಿ, ಗಾಡಿಯ ಮೈಗೆ ನೇರ ಬೀಳಲಿ. ಅಂಚಿಗೆ ಓರೆಯಾಗಿ ಹೊಡೆದರೆ ನೀರೇ ಚಾಕುವಿನ ಹಾಗೆ ಫಿಲ್ಮ್ ಎಬ್ಬಿಸುತ್ತದೆ.

ಪೂರ್ತಿ ಒಣಗಿಸಿ. ಬಾಗಿಲಿನ ಕೆಳಭಾಗದಂಥ ಕಾಣದ ಜಾಗದಲ್ಲಿ ಮೊದಲು ಹಚ್ಚಿ ನೋಡಿ, ಒಂದು ದಿನ ಬಿಟ್ಟು ನೋಡಿದರೆ ಇನ್ನೂ ಒಳ್ಳೆಯದು. ಆಮೇಲೆ ಎರಡು ಅಡಿ ಚೌಕದಷ್ಟು ಜಾಗ ಹಿಡಿದು ಹೋಗಿ. ಸ್ಪ್ರೇಯನ್ನು ಗಾಡಿಯ ಮೇಲಲ್ಲ, ಬಟ್ಟೆಯ ಮೇಲೆ ಹೊಡೆಯಿರಿ. ಎರಡು ಮೂರು ಸಿಂಪಡಿಕೆ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ರಕ್ಷಣೆ ಅಂತೇನಿಲ್ಲ, ಒರೆಸುವ ಕೆಲಸ ಜಾಸ್ತಿ ಅಷ್ಟೇ. ಅಂಚಿನ ಹತ್ತಿರ ಒಳಗಿನಿಂದ ಹೊರಗೆ ಒರೆಸಿ. ಹೊರಗಿನಿಂದ ಒಳಗೆ ಎಳೆದರೆ ಅಂಚು ಎದ್ದುಕೊಳ್ಳುತ್ತದೆ, ಚರ್ಮ ಸುಲಿದ ಹಾಗೆ. ಇನ್ನೊಂದು ಒಣ ಮೈಕ್ರೋಫೈಬರ್‌ನಿಂದ ಕೂಡಲೇ ಒರೆಸಿ ಮುಗಿಸಿ. ಮ್ಯಾಟ್ ಆದರೆ ಗುಂಡಗೆ ಸುತ್ತಿಸಬೇಡಿ, ಒತ್ತಬೇಡಿ, ನೇರ ಗೆರೆಯಲ್ಲಿ ಹಗುರವಾಗಿ.

ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಎತ್ತಿ ಗಾಡಿಗೆ ಹಾಕಬೇಡಿ. ಅದರಲ್ಲಿ ಸಿಕ್ಕಿಕೊಂಡ ಒಂದು ಮರಳ ಕಣ ಸಾಕು.

ಹಳೇ ವ್ಯಾಕ್ಸ್‌ನ ಬಿಳಿ ಗೆರೆ ಅಂಚಿನಲ್ಲಿ ಇದ್ದರೆ ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಶ್, ಸೋಪುನೀರು, ಅಂಚಿನ ಉದ್ದಕ್ಕೇ ನಿಧಾನ. ಸಿಲಿಕಾ ಅಥವಾ ಕೋಟಿಂಗ್ ಹಚ್ಚಿದ ದಿನ ರಾತ್ರಿಯೂ ನೀರು ತಾಗದಂತೆ ನೋಡಿಕೊಳ್ಳಿ. ಮುಂದಿನ ಸಲ ಎಲ್ಲ ಕಡೆ ಹಚ್ಚಬೇಕಿಲ್ಲ. ಬಿಸಿಲು ನೇರ ಬೀಳುವ ಬಾನೆಟ್, ರೂಫ್ ಮೊದಲು ಸವೆಯುತ್ತವೆ, ಅವಕ್ಕೆ ಎರಡು ಸಲ ಹಚ್ಚುವಾಗ ಬಾಗಿಲಿಗೆ ಒಂದು ಸಲ ಸಾಕು.

ಆಯುಧಪೂಜೆಗೆ ಮುಂಚೆ

ನಮ್ಮ ಕಡೆ ಫಿಲ್ಮ್‌ಗೆ ವರ್ಷದಲ್ಲಿ ಅತಿ ಕಷ್ಟದ ದಿನ ಆಯುಧಪೂಜೆ. ಅರಿಶಿನ, ಕುಂಕುಮ, ಗಂಧ, ಬಾಳೆಕಂದು ಕಟ್ಟಲು ಟೇಪು, ಹೂವಿನ ಹಾರ, ಎಲ್ಲ ಅದರ ಮೇಲೇ. ಪೂಜೆ ಬಿಡಿ ಅಂತ ನಾನು ಹೇಳುವುದಿಲ್ಲ, ನಾನೂ ಬಿಡುವುದಿಲ್ಲ. ವಾರ ಮುಂಚೆ ಗಾಡಿ ತೊಳೆದು ಒಂದು ಪದರ ಸೀಲೆಂಟ್ ಹಚ್ಚಿಬಿಡಿ. ಆಗ ಕುಂಕುಮದ ಬಣ್ಣ ಫಿಲ್ಮ್‌ಗೆ ನೇರ ತಾಗುವುದಿಲ್ಲ. ಬಿಳಿ ರ‍್ಯಾಪ್ ಇದ್ದವರು, ಮ್ಯಾಟ್ ಇದ್ದವರು ಇದನ್ನು ತಪ್ಪಿಸಲೇಬಾರದು. ಬಣ್ಣ ಬೆರೆಸಿದ ಅಗ್ಗದ ಕುಂಕುಮಕ್ಕಿಂತ ಅರಿಶಿನ ಸುಣ್ಣದಿಂದ ಮಾಡಿದ ಕುಂಕುಮ ತನ್ನಿ. ಆದಷ್ಟು ಗಾಜಿಗೆ, ನಂಬರ್ ಪ್ಲೇಟಿನ ಪಕ್ಕದ ಪ್ಲಾಸ್ಟಿಕ್‌ಗೆ ಹಚ್ಚಿ. ಟೇಪನ್ನು ಫಿಲ್ಮ್‌ನ ಅಂಚಿಗೆ ಅಂಟಿಸಬೇಡಿ, ಕಂದನ್ನು ದಾರದಿಂದ ಗ್ರಿಲ್‌ಗೆ ಕಟ್ಟಿದರೆ ಆಯಿತು.

ಸಂಜೆಯೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೆಚ್ಚಿನದು ಹೋಗುತ್ತದೆ. ಅರಿಶಿನದ ಹಳದಿ ಮಬ್ಬು ಉಳಿದರೆ ಗಾಬರಿಯಾಗಿ ತಿಕ್ಕಬೇಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾನಾಗೇ ಹಾರುತ್ತದೆ. ಅರಿಶಿನ ಹತ್ತಿದ ಬಿಳಿ ಪಂಚೆಯನ್ನು ತೊಳೆದು ಬಿಸಿಲಿಗೆ ಹಾಕುತ್ತಾರಲ್ವಾ, ಹಾಗೇ. ಸೋಪುನೀರಲ್ಲಿ ತೊಳೆದು ನಾಲ್ಕೈದು ದಿನ ಬಿಸಿಲಲ್ಲಿ ನಿಲ್ಲಿಸಿ ನೋಡಿ. ಕಳೆದ ವರ್ಷ ನನ್ನ ಕಾರಿನ ಬಾನೆಟ್ ಮೇಲೆ ಬಿದ್ದ ಸ್ವಸ್ತಿಕದ ಗುರುತು ವಿಜಯದಶಮಿ ಕಳೆದು ಆರನೇ ದಿನಕ್ಕೆ ಹುಡುಕಿದರೂ ಸಿಗಲಿಲ್ಲ.